ಎರಡು ಕಾಲಿನ ಕೂಲಿ

ಕೊಕಿಂಬೊ ಬಂದರಿನಲ್ಲಿ ಬೋರ್ಡು ಬರೆಯುವವನು ನಾನು,
ಗುಮೆರ್ಸಿಂದೊ. ದೋಣಿಗಳ ಹೆಸರು, ಗೋರಿಗಳ ತಾರೀಖು,
ಮೀನಿನ ದರ, ಎಲ್ಲಕ್ಕೂ ಇದೊಂದೇ ಕುಂಚ.

ಜೂನ್ ತಿಂಗಳ ಚಳಿ. ಎರ್ಮೆಲಿಂದಾ ಬಂದಳು,
ಮುಂಗೈವರೆಗೂ ಮೀನಿನ ಹುರುಪೆ ಅಂಟಿಸಿಕೊಂಡು.
"ಸತ್ತವನ ಹಲಗೆ ನನ್ನ ಹೆಸರಿಗೆ ಮಾಡು" ಅಂದಳು.

ಮೂವತ್ತು ವರ್ಷದ ಹಿಂದೆ ನಾನೇ ಬರೆದದ್ದು:
ಎವಾರಿಸ್ತೊ, ಪೆಸ್ಕಾದೇರೊ ಓನ್ರಾದೊ.
ಎವಾರಿಸ್ತೊ, ಪ್ರಾಮಾಣಿಕ ಮೀನಂಗಡಿಯವನು.
ನೀಲಿ ಮಾಸಿದೆ. ಪದ ಮಾಸಿಲ್ಲ.

ಹೆಸರು ಕೆರೆದು ಹೆಸರು ಬರೆಯುವುದು ಒಂದು ಗಂಟೆಯ ಕೆಲಸ.
ಉಳಿದದ್ದು ಸುಲಭ. ನಮ್ಮ ಭಾಷೆಯಲ್ಲಿ
ಗಂಡು ಓ ಎಂದು ಮುಗಿಯುತ್ತಾನೆ, ಹೆಣ್ಣು ಆ ಎಂದು;
ಗುಣವೂ ಬೆನ್ನಿಗೇ ನಡೆದು ಅದೇ ಬಾಲ ಹಚ್ಚಿಕೊಳ್ಳಬೇಕು.
ತಪ್ಪಿದರೆ ಬೆತ್ತ ಬೀಳುತ್ತಿತ್ತು ಶಾಲೆಯಲ್ಲಿ.
ಸೊನ್ನೆಯ ಬಲಕ್ಕೆ ಪುಟ್ಟದೊಂದು ಕಾಲೆಳೆದರೆ
ಓ ಆಗಿದ್ದದ್ದು ಆ.
ಪೆಸ್ಕಾದೇರಾಗೆ ಒಂದು, ಓನ್ರಾದಾಗೆ ಒಂದು.
ಎರಡು ಕಾಲು. ಒಬ್ಬಳು ನಿಲ್ಲಲು ಸಾಕು.

ಮೊದಲ ಕಾಲಿಗೆ ಯಾರೂ ತಲೆಯೆತ್ತಲಿಲ್ಲ.
ಎರಡನೆಯದಕ್ಕೆ ಐಸು ಒಡೆಯುವ ಲೆಯೋನ್ಸಿಯೊ ನಕ್ಕ:
"ಓನ್ರಾದಾ! ರಾತ್ರಿ ತೂಕ ನೋಡಿದವರು ಯಾರಪ್ಪ?"
ಬಲೆ ಹೊತ್ತವರು ನಕ್ಕರು.
ಪೆಲಿಕನ್‌ಗಳೂ ನಗುವಂತೆ ಬಾಯಿ ತೆರೆದವು.
ನನಗೆ ಗೊತ್ತಿದ್ದದ್ದೇ, ಕುಂಚಕ್ಕೆ ಗೊತ್ತಿರಲಿಲ್ಲ:
ಗಂಡಿಗೆ ಹಚ್ಚಿದರೆ ಈ ಪದ ಜೇಬು ತಡಕುತ್ತದೆ,
ಹೆಣ್ಣಿಗೆ ಹಚ್ಚಿದರೆ ಹಾಸಿಗೆ.

ಏಣಿಯ ಮೇಲಿಂದಲೇ ಉಪಾಯ ಹೇಳಿದೆ:
"ತಕ್ಕಡಿ ಓನ್ರಾದಾ ಎಂದು ಬರೆದುಬಿಡಲೇ?
ತಕ್ಕಡಿಯೂ ನಮ್ಮಲ್ಲಿ ಹೆಣ್ಣೇ ತಾನೆ,
ಅದರ ಹಾಸಿಗೆಯ ಸುದ್ದಿ ಯಾರೂ ಎತ್ತುವುದಿಲ್ಲ."

ಅವಳು ನಗಲಿಲ್ಲ. ಕತ್ತಿ ಒರೆಸಿಟ್ಟಳು.
"ಗುಮೆರ್ಸಿಂದೊ, ಈ ತಟ್ಟೆಯ ಅಂಚಿನಲ್ಲಿ
ಮೂವತ್ತು ವರ್ಷ ಅವನ ಹೆಬ್ಬೆರಳಿತ್ತು.
ಕಿಲೋಗೆ ಎಂಬತ್ತು ಗ್ರಾಂ. ಕಣ್ಣು ಮಂಜಾದವರಿಗೆ ನೂರು.
ತಲೆಯ ಮೇಲೆ ನಿನ್ನ ಓ ದುಂಡಗೆ, ಸರಿಯಾಗಿಯೇ ಇತ್ತು.
ಯಾವ ಮೇಷ್ಟರೂ ತಪ್ಪು ಹಿಡಿಯಲಿಲ್ಲ.
ನಾನು ಪಕ್ಕದಲ್ಲಿ ಕಾಗದ ಸುತ್ತುತ್ತಿದ್ದೆ.
ತಕ್ಕಡಿಯ ತಲೆಗೆ ಕಟ್ಟಬೇಡ.
ನನಗೇ ತಗಲುವ ಹಾಗೆ ಬರೆ."

ಬರೆದೆ. ಆ ಪದದ ಮೊದಲಲ್ಲೊಂದು ಅಕ್ಷರವಿದೆ,
ಬರೆಯುತ್ತೇವೆ, ಉಚ್ಚರಿಸುವುದಿಲ್ಲ.
ಅದರ ಹೆಸರು ಆಚೆ.
ಹೆಸರಿಗೆ ತಕ್ಕಂತೆ ಬಾಗಿಲಾಚೆಯೇ ನಿಂತಿರುತ್ತದೆ,
ಗೊತ್ತಿದ್ದೂ ಸುಮ್ಮನಿದ್ದವರ ಹಾಗೆ.
ಎರ್ಮೆಲಿಂದಾಳ ಹೆಸರಿನ ಮೊದಲಿಗೂ ಅದೇ ಅಕ್ಷರ.
ಎರಡನ್ನೂ ಈ ಸಲ ಒಂದು ಗೇಣು ಎತ್ತರಕ್ಕೆಳೆದೆ.

ಇಳಿದು ಕೂಲಿ ಕೇಳಿದೆ: ಒಂದು ಕಿಲೋ ಮೆರ್ಲೂಸಾ.
ಮೀನಿಟ್ಟಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.
ಮುಳ್ಳು ನಡುಗಿ ನಡುಗಿ ನಿಂತಿತು
ಕಿಲೋದಿಂದ ನಲವತ್ತು ಗ್ರಾಂ ಆಚೆ.
"ಇರಲಿ ಬಿಡು" ಅಂದೆ, ಚೀಲ ಅಗಲಿಸಿ.
"ಇರಲಿ ಅನ್ನುವುದಾದರೆ ದುಡ್ಡು ಕೊಡು" ಅಂದಳು.

ಚಿಲ್ಲರೆ ಎಣಿಸಿ ಕೊಟ್ಟೆ.
ಮೇಲೆ ಎರಡನೆಯ ಕಾಲು ಇನ್ನೂ ಹಸಿ.