ಎರೆ

ಕನ್ನಡದಲ್ಲಿ ಎರೆ ಎಂದರೆ ಗಾಳದ ತುದಿಯ ಸುಳ್ಳು,
ಎರೆ ಎಂದರೆ ಕಪ್ಪು ಮಣ್ಣು,
ಎರೆ ಎಂದರೆ ಸುರಿ: ತಲೆಗೆ ನೀರು, ಕಾವಲಿಗೆ ದೋಸೆ.
ಮೂರೂ ಒಂದೇ ಹುಳುವಿನೊಳಗೆ ಸುತ್ತಿ ಮಲಗಿವೆಯೆಂದು
ನನಗೆ ತಿಳಿದದ್ದು ಮಿನ್ನೆಸೋಟದ ಬಡಗಣ ಕಾಡಿನಲ್ಲಿ,
ಔನೆ ಕೆಸ್ಕಿತಾಲೊಳ ಅಂಗಡಿಯ ಹಿಂದೆ.

ಎಂಬತ್ತೊಂದರ ಔನೆ.
ಮೀನು ಹಿಡಿಯಲು ಬಂದವರಿಗೆ ಡಜನ್ ಲೆಕ್ಕದಲ್ಲಿ ಹುಳು ಮಾರಿದವಳು.
ಸಂಜೆ, ಅಪ್ಪ ಎಯ್ನೊ ಕಲಿಸಿದಂತೆ,
ಉಳಿದ ಡಬ್ಬಿಯನ್ನು ಮೇಪಲ್ ಬುಡಕ್ಕೆ ಬಗ್ಗಿಸಿ
ಬದುಕಿಕೊಳ್ಳಿ ಎನ್ನುತ್ತಿದ್ದಳಂತೆ, ಫಿನ್ನಿಶ್‌ನಲ್ಲಿ.
ಕೊಲ್ಲುವುದಕ್ಕಿಂತ ಮೇಲಲ್ಲವೆ?
ಅರವತ್ತು ಬೇಸಿಗೆಯ ದಯೆ.

ಹಿಮದ ಬಂಡೆ ಒಂದು ಕಾಲಕ್ಕೆ ಈ ನೆಲವನ್ನು
ಪಾತ್ರೆಯ ತಳದಂತೆ ಕೆರೆದು ಹೋಗಿತ್ತು.
ಆಮೇಲೆ ಬಂದ ಕಾಡಿಗೆ ಎರೆಹುಳುವಿನ ಪರಿಚಯವೇ ಇರಲಿಲ್ಲ.
ಹತ್ತು ಸಾವಿರ ಸಲ ಎಲೆ ಉದುರಿತು,
ಉದುರಿದ್ದನ್ನು ಯಾರೂ ಒಂದೇ ತುತ್ತಿಗೆ ನುಂಗಲಿಲ್ಲ.
ಬಾಲದಿಂದ ಜಿಗಿಯುವ ಒಂದು ಪುಟಾಣಿ ಅಂಚು ಕೆರೆಯಿತು,
ಸಹಸ್ರಪದಿ ನಾರು ಬಿಡಿಸಿತು,
ನುಸಿ ಬಂದು ಅದರ ಹಿಕ್ಕೆಯನ್ನು ಮತ್ತೊಮ್ಮೆ ತಿಂದಿತು.
ಬೂಷ್ಟು ಸಹಿ ಹಾಕಿತು.
ನಿಧಾನಸ್ಥ ಗುಮಾಸ್ತರ ಕಚೇರಿ.
ಎಲೆಯೊಂದು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯಲು
ಮೂರು ಚಳಿಗಾಲ.
ಆ ವಿಳಂಬದೊಳಗೇ ಹಕ್ಕಿಯೊಂದು
ನೆಲದ ಮೇಲೆ ಒಲೆಯಂಥ ಗೂಡು ಕಟ್ಟಿತು,
ಆ ವಿಳಂಬದೊಳಗೇ ಮೇಪಲ್ ಮೊಳಕೆ ಕಣ್ಣುಬಿಟ್ಟಿತು,
ಮೂರೆಸಳಿನ ಬಿಳಿಹೂವಿನ ಬೀಜವನ್ನು
ಅದಕ್ಕಂಟಿದ ಕೊಬ್ಬಿನ ಆಸೆಗೆ ಇರುವೆ ಹೊತ್ತು
ಕೊಬ್ಬು ತಿಂದು
ಬೀಜ ಮರೆತಿತು.

ರೈತನ ಮಿತ್ರ, ಅಂದೆ ನಾನು.
ನಾಲ್ಕನೆಯ ತರಗತಿ, ಎರಡು ಅಂಕದ ಪ್ರಶ್ನೆ.
ಲೊರೀನ್ ಗುಡ್‌ಸ್ಕೈ ನಕ್ಕಳು: ಹೌದು, ರೈತನ.
ಇಲ್ಲಿ ರೈತ ಯಾರು?

ಅವಳು ತಂದದ್ದು ಒಂದು ಮರದ ಚೌಕಟ್ಟು, ಎರಡು ಬಕೆಟ್,
ಒಂದು ಚೀಲ ಸಾಸಿವೆಪುಡಿ.
ಅವಳ ಅಜ್ಜಿಯಂದಿರು ಮಾರ್ಚಿ ಬಂದರೆ
ಇದೇ ಇಳಿಜಾರಿನಲ್ಲಿ ಮೇಪಲ್ ರಸ ಕಾಯಿಸಿದ ಓಜಿಬ್ವೆ ಹೆಂಗಸರು.
ಮುದಿಮರಗಳು ಈಗಲೂ ಸಿಹಿ ಸುರಿಸುತ್ತವೆ.
ಅವುಗಳ ಕೆಳಗೆ ಮೊಣಕಾಲೆತ್ತರದ್ದು ಒಂದೂ ಇಲ್ಲ.

ಸಾಸಿವೆ ನೀರು ಕದಡಿ, ಚೌಕಟ್ಟಿನೊಳಗೆ
ಎರೆದಳು.
ಒಗ್ಗರಣೆಗೆ ಮೊದಲಿನ ಘಾಟು ನನ್ನ ಮೂಗಿಗೆ.
ನೆಲ ಸುಮ್ಮನಿತ್ತು.
ಆಮೇಲೆ ಒಂದು ಮೂತಿ. ಮೂರು.
ಆಮೇಲೆ ಮಣ್ಣೇ ಹೊಸೆದುಕೊಳ್ಳತೊಡಗಿತು,
ಎಳೆದಷ್ಟೂ ಉದ್ದ, ಗುಲಾಬಿ, ಒದ್ದೆ.
ನಲವತ್ತಮೂರು, ಅಂದಳು ಔನೆ,
ಲೊರೀನ್ ಎಣಿಸಿ ಮುಗಿಸುವ ಮೊದಲೇ.
ಮಾರಿದ ಕಣ್ಣು.
ನನ್ನ ಸರಕೇ.

ಎಲ್ಲ ಆರಿಸಿ ತೆಗೆದರೆ?
ಆಗದು. ಅವು ತಾವಾಗಿ ವರ್ಷಕ್ಕೆ ಹತ್ತು ಹೆಜ್ಜೆ ನಡೆದರೆ ಹೆಚ್ಚು.
ಮಿಕ್ಕ ದೂರವನ್ನೆಲ್ಲ ಡಬ್ಬಿ ನಡೆದದ್ದು.
ಮುಂದಿನ ಕೆರೆಗೆ ಒಯ್ಯದಿದ್ದರೆ ಸಾಕು.
ಔನೆ ಏನೂ ಅನ್ನಲಿಲ್ಲ.
ಕೈಲಿದ್ದ ಹುಳುವನ್ನು ನೆಲಕ್ಕೆ ಬಿಡುವುದೋ ಬಕೆಟ್ಟಿಗೋ ತಿಳಿಯದೆ
ಬಹಳ ಹೊತ್ತು ಹಿಡಿದೇ ಇದ್ದಳು.

ಮಧ್ಯಾಹ್ನ ಮೂವರೂ ಮೇಲೆ ಹತ್ತಿದೆವು, ಆ ಗೆರೆ ನೋಡಲು.
ನಿಜಕ್ಕೂ ಗೆರೆ.
ಈಚೆ, ಗುಡಿಸಿಟ್ಟ ಅಂಗಳದಂಥ ಬೋಳು ಕಪ್ಪು, ಬೇರುಗಳ ಗಿಣ್ಣು ಹೊರಗೆ.
ಆಚೆ, ಗೇಣುದ್ದ ಎಲೆಯ ಹಾಸು, ಜರಿಗಿಡ,
ಎಲ್ಲಿಂದಲೋ ಇರುವೆ.

ಔನೆ ಊರುಗೋಲನ್ನು ನನಗೆ ಕೊಟ್ಟಳು.
ಬೂಟು ಬಿಚ್ಚಿದಳು, ಕಾಲುಚೀಲವನ್ನೂ.
ಒಂದು ಪಾದ ಈಚೆ ಇಟ್ಟಳು; ನೆಲ ಟಣ್ಣೆಂದಿತು.
ಇನ್ನೊಂದನ್ನು ಆಚೆಗೆ ಇಟ್ಟಳು.
ಹಿಮ್ಮಡಿ ಮುಳುಗಿತು, ಹರಡು ಮುಳುಗಿತು,
ಇನ್ನೂ ಇಳಿಯುತ್ತಲೇ ಇತ್ತು.