ಹಳಿಯ ತುಂಡು

ನಮ್ಮ ಚರ್ಚಿಗೆ ಗಂಟಿ ಇಲ್ಲ.
ಭಾಲ್ಕಿ ಸ್ಟೇಷನ್ನಿನ ಗ್ಯಾಂಗಿನವರು ಯಾವಾಗೋ ಕೊಟ್ಟ
ಹಳಿಯ ತುಂಡು ಬೇವಿಗೆ ತೂಗತದ.
ಭಾನುವಾರ ಒಂಬತ್ತಕ್ಕ
ಬೋಲ್ಟಿಲೆ ಹನ್ನೆರಡು ಸಲ ಬಡೀತೀನಿ.

ಪಾಸ್ಟರು ಔರಾದಿಗೆ ವರ್ಗಾದರು.
ದಾನಿಯೇಲಪ್ಪನ ಮನಿಯವರು
ಕೀಬೋರ್ಡ್ ಇರೋ ಹೊಸ ಹಾಲಿಗೆ ಹ್ವಾದರು.
ಸಂಜೀವಮ್ಮಗ ಸೊಸಿ ಬ್ಯಾಡ ಅಂದಳು.
ಉಳಿದವರಿಗೆ ಕಾರಣ ಇರಲಿಲ್ಲ,
ಬರೋದು ಬಿಟ್ಟರು, ಅಷ್ಟೇ.
"ಯಾರಿಗಂತ ಬಡೀತಿ?" ಅಂತಾನ ನನ್ನ ಗಂಡ,
ಚಹಾ ಊದಕೋತ.

ಕಸ ಹೊಡೀತೀನಿ. ಜಂಬಿಟ್ಟಿಗಿ ಗ್ವಾಡಿಯ ಕೆಂಪು ಪುಡಿ
ವಾರಕ್ಕೊಂದು ಮೊರ ಉದುರತದ.
ಪಾಸ್ಟರ ಸಾಲು ನಾನೇ ಓದಿ
ಈ ಕಡಿ ಬಂದು ನಿಂತು
ಸಭೆಯ ಸಾಲೂ ನಾನೇ ಓದತೀನಿ.
ಕಾಣಿಕಿ ಹತ್ತು ರೂಪಾಯಿ ಹಾಕಿ, ಎಣಿಸಿ,
ಬುಕ್ಕಿನಾಗ ಬರೀತೀನಿ: ಹತ್ತು.
ಹಾಜರಿ: ಒಂದು.

ಹೋದ ತಿಂಗಳು ಜ್ವರ ಬಂದು ಮಲಗಿದ್ದೆ.
ಖಾಜಾಬಿ ಗ್ವಾಡಿ ಮ್ಯಾಲಿಂದ ಬೈದಳು:
"ಯಾಕ ಬಡೀಲಿಲ್ಲ ಇವತ್ತ?
ನಿನ್ನ ಸಪ್ಪಳಕ್ಕ ಹಾಲು ಇಳಸ್ತಿದ್ದೆ,
ಎಲ್ಲಾ ಉಕ್ಕಿ ಹ್ವಾದವು."
ನಗು ಬಂತು. ಆಮ್ಯಾಲ ಅಳು.
ದೇವರ ಸಲುವಾಗಿ ಬಡಿದದ್ದು
ಹಾಲಿಗಾದರೂ ಕೇಳಿತ್ತು.

ಒಂದು ಮಾತ್ರ ನನಗ ತೊಡಕು.
ಪ್ರಾರ್ಥನ್ಯಾಗ 'ನಮ್ಮ' ಅಂತ ಅದ.
ಖಾಲಿ ಬೆಂಚು ನೋಡಿದರ
'ನನ್ನ' ಅನ್ನಬೇಕೇನೋ ಅನಸ್ತದ,
ವ್ಯಾಕರಣಕ್ಕರೆ.
ನಾಲಿಗಿ ತಿರುಗಂಗಿಲ್ಲ.
ನಮ್ಮ ಅಂತೀನಿ, ಒದರಿ,
ದಾನಿಯೇಲಪ್ಪನ್ನ, ಸಂಜೀವಮ್ಮನ್ನ, ಆಕಿ ಸೊಸೀನ್ನ,
ಚಹಾ ಊದೋ ಅವನ್ನೂ ಅದರಾಗ ಸೇರಿಸಿ,
ಅವರಿಗೆ ಗೊತ್ತಿಲ್ಲಧಂಗ.