ಏಳನೇ ಸಾಕ್ಷಿ

ಕೋಡಿಬಾಗದಿಂದ ಸದಾಶಿವಗಡಕ್ಕೆ
ಸೇತುವೆ ಇರಲಿಲ್ಲ ಆಗ. ವಿಠೋಬನ ತಾರಿ ಇತ್ತು.
ಅಪ್ಪ ಮುಳುಗಿದ ಮೇಲೆ
ಹನ್ನೆರಡಕ್ಕೇ ಜಲ್ಲೆ ಹಿಡಿದವನು.

ಮೊದಲ ಸಲ ತಂದದ್ದು ಒಂದು ನತ್ತು.
"ಅತ್ತಿಗೇದು. ಕರಗಿಸಿ ಶೇಟರೇ."
ತೂಗಿದೆ. ಒಂದು ಗುಂಜಿ ಕಮ್ಮಿ ಹೇಳಿದೆ.
ಚೌಕಾಸಿ ಮಾಡಲಿಲ್ಲ.
ಸ್ವಂತದ್ದಾದರೆ ಮಾಡುತ್ತಾರೆ, ಗೊತ್ತಿತ್ತು ನನಗೆ.

ಆಮೇಲೆ ಬುಗುಡಿ. ಆಮೇಲೆ ತಾಳಿ,
ಕರಿಮಣಿಯ ದಾರದಲ್ಲಿ ಇನ್ನೂ ಉಪ್ಪು.
ಎಷ್ಟು ಮಂದಿ ಅತ್ತಿಗೆಯರಪ್ಪ ನಿನಗೆ
ಎಂದು ಕೇಳಬಹುದಿತ್ತು.
ಊದುಕೊಳವೆ ಬಾಯಲ್ಲಿದ್ದವನು
ಮಾತಾಡುವುದು ಹೇಗೆ?

ಹೊಳೆಯೇ ಕೊನೆಗೆ ಇಳಿತದ ದಿನಗಳಲ್ಲಿ
ಒಬ್ಬೊಬ್ಬರನ್ನೇ ದೇವಬಾಗದ ಮರಳಿಗೆ ತಂದಿಟ್ಟಿತು:
ಶೇವಂತಿ, ಇನಾಸ್ಮಾರಿ,
ಮೀನು ಮಾರಿ ತಡವಾದ ನಾಗಿ,
ಬುಟ್ಟಿಯ ಸಿಂಬೆ ಕೈಬಿಡದ, ಹೆಸರು ಸಿಗದ ಒಬ್ಬಳು.

ಕೋರ್ಟಿನಲ್ಲಿ ಅವನು ಹೇಳಿದ್ದು ಇಷ್ಟೇ:
"ನಡುಹೊಳೆಯಲ್ಲಿ ಎಲ್ಲರೂ
ನನಗೆ ಬೆನ್ನು ಹಾಕಿ ಕೂರುತ್ತಿದ್ದರು."

ಬೆಳಗಾವಿಯಲ್ಲಿ ಗಲ್ಲಾಯಿತು, ಬೆಳಕು ಹರಿಯುವ ಮೊದಲು.
ಸಾಕ್ಷಿ ಹೇಳಿದ ನನಗೆ
ಭತ್ಯೆ ಹನ್ನೊಂದು ರೂಪಾಯಿ. ರಸೀದಿಗೆ ಸಹಿ.

ಈಗ ಬಸ್ಸು ಸೇತುವೆ ಹತ್ತಿದರೆ
ಮುಂದಿನ ಸೀಟುಗಳ ಕಿವಿಗಳನ್ನು ನೋಡುತ್ತೇನೆ.
ಆ ವರ್ಷದ ಚಿನ್ನ ಯಾರ್‍ಯಾರಿಗೆ ಹೋಯಿತೋ,
ಲೆಕ್ಕ ಇಟ್ಟಿಲ್ಲ.
ಒಂದು ಗುಂಜಿ ಮಾತ್ರ
ನನ್ನ ಹತ್ತಿರವೇ ಇದೆ.